ಗೋಡೆ ಬದಿಯ ಈರುಳ್ಳಿ ಪಾತಿ: ಬರ್ಲಿನ್‌ನ ಓಸ್ಮಾನ್ ಕಾಲಿನ್ ಪ್ರಕರಣ

ಪಶ್ಚಿಮ ಬರ್ಲಿನ್ ಅನ್ನು ಪೂರ್ವದಿಂದ ಬೇರೆ ಮಾಡಿದ್ದ ಬರ್ಲಿನ್ ಗೋಡೆ ಎಲ್ಲ ಕಡೆಯೂ ಗಡಿ ಗೆರೆಯ ಮೇಲೇ ನಿಂತಿರಲಿಲ್ಲ. ಗಡಿ ಅಂಕುಡೊಂಕಾಗಿ ತಿರುಗುವ ಕಡೆ ಪೂರ್ವ ಜರ್ಮನಿಯವರು ಗೋಡೆಯನ್ನು ನೇರವಾಗಿ ಎಳೆದುಬಿಟ್ಟಿದ್ದರು. ಸಾಮಾನೂ ಉಳಿಯಿತು, ಕಾವಲೂ ಸಲೀಸಾಯಿತು. ಆದರೆ ಅವರದ್ದೇ ನೆಲ ಒಂದಿಷ್ಟು ಗೋಡೆಯ ಆಚೆ, ಪಶ್ಚಿಮದ ಮಗ್ಗುಲಲ್ಲಿ ಉಳಿದುಹೋಯಿತು. ಕ್ರಾಯ್ಟ್ಸ್‌ಬರ್ಗ್ ಬಡಾವಣೆಯ ಬೆಥಾನಿಯನ್‌ಡಮ್ ಬೀದಿಯಲ್ಲಿ, ಸಂತ ಥಾಮಸ್ ಚರ್ಚಿನ ಹತ್ತಿರ ಹಾಗೆ ಉಳಿದದ್ದು ಒಂದು ತ್ರಿಕೋನ. ಸುಮಾರು 350 ಚದರ ಮೀಟರ್. ನಮ್ಮ 30-40 ಸೈಟಿನ ಲೆಕ್ಕದಲ್ಲಿ ಮೂರು ಸೈಟಿಗಿಂತ ತುಸು ಜಾಸ್ತಿ.

ಕಾಗದದ ಪ್ರಕಾರ ಅದು ಪೂರ್ವ ಬರ್ಲಿನ್. ಪೂರ್ವದ ಜನ ಅಲ್ಲಿಗೆ ಬರುವಂತಿಲ್ಲ, ಗೋಡೆ ಅಡ್ಡ. ಪಶ್ಚಿಮದ ಜನ ನಡೆದು ಬರಬಹುದು, ಆದರೆ ಅಲ್ಲಿ ಪಶ್ಚಿಮ ಬರ್ಲಿನ್ ಸರ್ಕಾರದ ಅಧಿಕಾರ ನಡೆಯುವುದಿಲ್ಲ. ಕಸ ಎತ್ತುವವರೂ ಇಲ್ಲ, ಪೊದೆ ಕಡಿಯುವವರೂ ಇಲ್ಲ. ಹಳೇ ಸೋಫಾ, ಮುರಿದ ಮಂಚ, ಕಟ್ಟಡದ ಕಲ್ಲುಮಣ್ಣು ಎಲ್ಲವನ್ನೂ ಜನ ತಂದು ಸುರಿಯುತ್ತಿದ್ದರು.

1980ರ ದಶಕದ ಆರಂಭದಲ್ಲಿ ಓಸ್ಮಾನ್ ಕಾಲಿನ್ ಎಂಬ ಟರ್ಕಿಯವರೊಬ್ಬರು ಆ ಕಸ ಎತ್ತಲು ಶುರು ಮಾಡಿದರು. ಟರ್ಕಿಯ ನಡುಭಾಗದ ಯೋಜ್ಗಾತ್ ಕಡೆಯವರು. ಕೆಲಸ ಹುಡುಕಿಕೊಂಡು ಯುರೋಪಿಗೆ ಬಂದು, ಬೇರೆ ಊರುಗಳಲ್ಲಿ ದುಡಿದು, 1980ರ ಸುಮಾರಿಗೆ ಬರ್ಲಿನ್ ಸೇರಿದ್ದರು. ವಯಸ್ಸು ಐವತ್ತು ದಾಟಿತ್ತು. ಕಾರ್ಖಾನೆಯ ಕಾಲ ಮುಗಿದಿತ್ತು, ಕೈಯಲ್ಲಿ ಹೊತ್ತು ಬೇಕಾದಷ್ಟಿತ್ತು. ಜಾಗ ಹಸನು ಮಾಡಿ, ಬೇಲಿ ಹಾಕಿ, ಈರುಳ್ಳಿ, ಬೆಳ್ಳುಳ್ಳಿ ನೆಟ್ಟರು. ಯಾರನ್ನೂ ಕೇಳಲಿಲ್ಲ.

ಇಷ್ಟೇ ಪ್ರಕರಣ. ಆದರೆ ಪರದೇಶದ ಊರಲ್ಲಿ ಒಬ್ಬ ಮನುಷ್ಯನಿಗೆ ‘ಇದು ನನ್ನ ಜಾಗ’ ಅನ್ನಿಸುವುದು ಹೇಗೆ, ಆ ಅನ್ನಿಸಿಕೆಗೆ ಊರು ಏನು ಬೆಲೆ ಕೊಡುತ್ತದೆ ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬರ್ಲಿನ್‌ಗೆ ಬರುವ ಪ್ರವಾಸಿಗರಿಗೆ ಇದನ್ನು ಒಂದು ಚಂದದ ಕತೆಯಾಗಿ ಹೇಳುತ್ತಾರೆ. ಕತೆ ಚಂದವೇ. ಆದರೆ ಅದರೊಳಗೆ ಒಂದು ಅನ್ಯಾಯವೂ ಇದೆ. ಚಂದದ ಭರದಲ್ಲಿ ಅದು ಮುಚ್ಚಿಹೋಗುತ್ತಿದೆ ಎಂಬುದೇ ನನ್ನ ತಕರಾರು.

ಟರ್ಕಿಯವರೆಲ್ಲ ಬಂದದ್ದು ಹೇಗೆ

ಎರಡು ತಾರೀಕು ಅಕ್ಕಪಕ್ಕ ಇಟ್ಟು ನೋಡಬೇಕು. ಬರ್ಲಿನ್ ಗೋಡೆ ಎದ್ದದ್ದು 1961ರ ಆಗಸ್ಟ್ 13ರಂದು. ಪಶ್ಚಿಮ ಜರ್ಮನಿ ಮತ್ತು ಟರ್ಕಿ ನಡುವೆ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದ ಆದದ್ದು ಅದೇ ವರ್ಷದ ಅಕ್ಟೋಬರ್ 30ರಂದು. ಟರ್ಕಿಯ ಜೊತೆ ಮಾತುಕತೆಗೆ ಬೇರೆ ಕಾರಣಗಳೂ ಇದ್ದವು. ಇಟಲಿ, ಸ್ಪೇನ್, ಗ್ರೀಸ್ ಜೊತೆ ಇಂಥ ಒಪ್ಪಂದ ಆಗಲೇ ಆಗಿತ್ತು. ಆದರೆ ಬರ್ಲಿನ್ ಮಟ್ಟಿಗೆ ಎರಡಕ್ಕೂ ನೇರ ನಂಟಿದೆ. ಪೂರ್ವದಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಬಂದು ಸಂಜೆ ಹಿಂತಿರುಗುತ್ತಿದ್ದ ಹತ್ತಾರು ಸಾವಿರ ಜನ ಗೋಡೆ ಎದ್ದ ಮೇಲೆ ಬರಲಿಲ್ಲ. ಪಶ್ಚಿಮ ಬರ್ಲಿನ್‌ನ ಕಾರ್ಖಾನೆಗಳಿಗೆ ಕೈಗಳು ಬೇಕಿದ್ದವು.

ಇಸ್ತಾಂಬುಲ್‌ನಲ್ಲಿ ಜರ್ಮನರ ನೇಮಕಾತಿ ಕಚೇರಿ ತೆರೆಯಿತು. ಅಲ್ಲಿನ ತಪಾಸಣೆಯನ್ನು ಆ ಪೀಳಿಗೆಯವರು ಕೊನೆವರೆಗೂ ಮರೆಯಲಿಲ್ಲ. ಊರಿಂದ ಬಂದ ಗಂಡಸರನ್ನು ಸಾಲಾಗಿ ನಿಲ್ಲಿಸುವುದು. ಒಳಚಡ್ಡಿ ಬಿಟ್ಟು ಎಲ್ಲ ಬಿಚ್ಚಿಸುವುದು. ಬಾಯಿ ತೆರೆಸಿ ಹಲ್ಲು ನೋಡುವುದು, ರಕ್ತ, ಮೂತ್ರ ಪರೀಕ್ಷೆ, ಎದೆಯ ಎಕ್ಸ್‌ರೇ. ಹೆಂಗಸರಿಗೆ ಬಸುರಿಯೋ ಅಲ್ಲವೋ ಎಂಬ ಪರೀಕ್ಷೆ ಬೇರೆ. ಪಾಸಾದವರಿಗೆ ಸಿರ್ಕೇಜಿ ರೈಲು ನಿಲ್ದಾಣದಿಂದ ಹೆಚ್ಚುಕಡಿಮೆ ಮೂರು ದಿನದ ಪ್ರಯಾಣ. ಇಳಿಯುವುದು ಮ್ಯೂನಿಕ್‌ನ 11ನೇ ಪ್ಲಾಟ್‌ಫಾರ್ಮಿನಲ್ಲಿ. ಅಲ್ಲೇ ಕೆಳಗಿನ ನೆಲಮಾಳಿಗೆಯಲ್ಲಿ ಊಟ ಕೊಟ್ಟು, ಪಟ್ಟಿ ನೋಡಿ, ಯಾವ ಊರಿನ ಯಾವ ಕಾರ್ಖಾನೆಗೆ ಯಾರು ಎಂದು ಬೇರೆ ರೈಲಿಗೆ ಹತ್ತಿಸುತ್ತಿದ್ದರು.

1973ರವರೆಗೆ ಟರ್ಕಿಯಿಂದ ಹೀಗೆ ಬಂದವರು ಏಳು ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಬಹಳ ಜನ ವಾಪಸ್ಸೂ ಹೋದರು, ಅದನ್ನೂ ಹೇಳಬೇಕು. ಮೊದಲ ಒಪ್ಪಂದದಲ್ಲಿ ಎರಡು ವರ್ಷದ ಮಿತಿ ಇತ್ತು. ಎರಡು ವರ್ಷ ದುಡಿ, ಹೋಗು, ಮುಂದಿನವನು ಬರಲಿ ಎಂಬ ಲೆಕ್ಕ. ಕೆಲಸ ಕಲಿತವನನ್ನು ಕಳಿಸಿ ಹೊಸಬನಿಗೆ ಮೊದಲಿಂದ ಹೇಳಿಕೊಡುವುದು ಕಾರ್ಖಾನೆ ಮಾಲೀಕರಿಗೆ ನಷ್ಟ. ಅವರೇ ಒತ್ತಾಯ ಮಾಡಿ 1964ರಲ್ಲಿ ಆ ಮಿತಿಯನ್ನು ತೆಗೆಸಿದರು. ಆದರೆ ಭಾಷೆ ಕಲಿಸುವ ಏರ್ಪಾಟು ಆಗಲಿಲ್ಲ. ಇವತ್ತು ಜರ್ಮನಿಗೆ ಹೋಗುವವರಿಗೆ ನೂರಾರು ಗಂಟೆಯ ಭಾಷಾ ತರಗತಿ ಇದೆಯಲ್ಲ, ಅದು ಕಾನೂನಾಗಿ ಬಂದದ್ದು 2005ರಲ್ಲಿ. ನಲವತ್ತು ವರ್ಷ ದುಡಿಸಿಕೊಂಡ ಮೇಲೆ ‘ಇವರು ಭಾಷೆ ಕಲಿಯಲಿಲ್ಲ’ ಎಂದು ದೂರುವುದು ನ್ಯಾಯವಲ್ಲ.

1973ರ ನವೆಂಬರಿನಲ್ಲಿ, ತೈಲ ಬಿಕ್ಕಟ್ಟಿನ ನಡುವೆ ನೇಮಕಾತಿ ನಿಂತಿತು. ಜನ ಕಡಿಮೆಯಾಗಲಿ ಎಂದು ತಂದ ನಿಯಮ ಉಲ್ಟಾ ಹೊಡೆಯಿತು. ಒಮ್ಮೆ ಊರಿಗೆ ಹೋದರೆ ಮತ್ತೆ ಬರಲಾಗದು ಎಂದಾಗ ಯಾರು ಹೋಗುತ್ತಾರೆ? ಉಳಿದರು. ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. 1983ರಲ್ಲಿ ಸರ್ಕಾರ ಇನ್ನೊಂದು ಕಾನೂನು ತಂದಿತು. ಕೆಲಸ ಕಳೆದುಕೊಂಡ ವಿದೇಶಿ ಕಾರ್ಮಿಕ ಗಂಟುಮೂಟೆ ಕಟ್ಟಿ ಶಾಶ್ವತವಾಗಿ ಹೊರಟರೆ 10,500 ಮಾರ್ಕ್ (ಆಗಿನ ಜರ್ಮನ್ ನಾಣ್ಯ), ಜೊತೆಗೆ ಮಗುವೊಂದಕ್ಕೆ 1,500 ಮಾರ್ಕ್. ಹೋಗುವುದಕ್ಕೆ ದುಡ್ಡು ಕೊಡುತ್ತಿದ್ದ ಅದೇ ಕಾಲದಲ್ಲಿ ಬೆಥಾನಿಯನ್‌ಡಮ್‌ನಲ್ಲಿ ಕಾಲಿನ್ ಬೆಳ್ಳುಳ್ಳಿ ಎಸಳು ಊರುತ್ತಿದ್ದರು. ಬೆಳ್ಳುಳ್ಳಿಯನ್ನು ಚಳಿಗಾಲಕ್ಕೆ ಮುಂಚೆ ಹಾಕಿದರೆ ಕೀಳುವುದು ಮುಂದಿನ ಬೇಸಿಗೆಗೆ. ಹೊರಡುವ ಮನಸ್ಸಿದ್ದವರು ಮಾಡುವ ಕೆಲಸವಲ್ಲ ಅದು.

ಕ್ರಾಯ್ಟ್ಸ್‌ಬರ್ಗ್‌ನಲ್ಲೇ ಯಾಕೆ

ಟರ್ಕಿಯವರು ಕ್ರಾಯ್ಟ್ಸ್‌ಬರ್ಗ್ ಆರಿಸಿಕೊಂಡರು ಎಂದು ಬರೆಯುವವರಿದ್ದಾರೆ. ಅಲ್ಲಿ ಅವರಿಗೆ ಆಯ್ಕೆ ಅಂತ ಜಾಸ್ತಿ ಇರಲಿಲ್ಲ. ಆ ಬಡಾವಣೆಯ ಪೂರ್ವ ಭಾಗಕ್ಕೆ ಮೂರು ಕಡೆ ಗೋಡೆ. ನಡುವೆ ದೊಡ್ಡ ಹೆದ್ದಾರಿ ಹಾಯಿಸುವ ಯೋಜನೆಯೂ ಇತ್ತು. ಹೇಗೂ ಒಡೆಯುವ ಮನೆಗಳೆಂದು ಮಾಲೀಕರು ರಿಪೇರಿ ನಿಲ್ಲಿಸಿದರು. ಕಲ್ಲಿದ್ದಲು ಒಲೆ, ಮೆಟ್ಟಿಲ ಬಳಿ ಹತ್ತಾರು ಜನಕ್ಕೆ ಒಂದೇ ಶೌಚಾಲಯ. ಜರ್ಮನ್ ಕುಟುಂಬಗಳು ಹೊರಟವು. ಒಡೆಯುವವರೆಗೆ ನಾಲ್ಕು ಕಾಸು ಬರಲಿ ಎಂದು ಆ ಮನೆಗಳನ್ನು ಟರ್ಕಿಯವರಿಗೆ ಬಾಡಿಗೆಗೆ ಕೊಟ್ಟರು. ಬೇರೆ ಕಡೆ ಕೇಳಿದರೆ ವಿದೇಶಿಯರಿಗೆ ಮನೆ ಇಲ್ಲ.

ಇಷ್ಟು ಸಾಲದೆಂದು 1975ರಲ್ಲಿ ಪಶ್ಚಿಮ ಬರ್ಲಿನ್ ಇನ್ನೊಂದು ನಿಯಮ ತಂದಿತು. ಕ್ರಾಯ್ಟ್ಸ್‌ಬರ್ಗ್, ವೆಡ್ಡಿಂಗ್, ಟಿಯರ್‌ಗಾರ್ಟನ್ ಈ ಮೂರು ಕಡೆ ಇನ್ನು ಮುಂದೆ ವಿದೇಶಿಯರು ಹೊಸದಾಗಿ ಮನೆ ಮಾಡುವಂತಿಲ್ಲ. ಪಾಸ್‌ಪೋರ್ಟಿನಲ್ಲೇ ಹಾಗಂತ ಮುದ್ರೆ ಒತ್ತುತ್ತಿದ್ದರು. ಒಂದು ಊರಿನೊಳಗೆ ಯಾವ ಬೀದಿಗೆ ಹೋಗಿ ಇರಬಹುದು, ಯಾವುದಕ್ಕೆ ಇಲ್ಲ ಎಂದು ಪಾಸ್‌ಪೋರ್ಟ್ ತೀರ್ಮಾನಿಸುವುದು. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಹೆದ್ದಾರಿ ಬರಲಿಲ್ಲ. ಖಾಲಿ ಮನೆಗಳಿಗೆ ಜರ್ಮನ್ ಹುಡುಗರು ನುಗ್ಗಿ ತಾವೇ ರಿಪೇರಿ ಮಾಡಿಕೊಂಡು ಇರತೊಡಗಿದರು. ಮಾರಿಯಾನೆನ್‌ಪ್ಲಾಟ್ಸ್ ಚೌಕದ ಹಳೇ ಬೆಥಾನಿಯನ್ ಆಸ್ಪತ್ರೆಯ ಒಂದು ಕಟ್ಟಡ 1971ರಲ್ಲೇ ಹಾಗೆ ಅವರ ಕೈಗೆ ಬಂದಿತ್ತು. ಅದು ಕಾಲಿನ್ ಅವರ ತ್ರಿಕೋನಕ್ಕೆ ಕೂಗಳತೆಯ ದೂರ. ಕೇಳದೆ ಜಾಗ ಹಿಡಿಯುವುದು ಆ ಬಡಾವಣೆಯಲ್ಲಿ ಹೊಸ ಸಂಗತಿಯಾಗಿರಲಿಲ್ಲ. ಅಕ್ಕಪಕ್ಕದವರು ಈ ಟರ್ಕಿ ಯಜಮಾನರ ಬೇಲಿ ನೋಡಿ ಗಾಬರಿಯಾಗಲಿಲ್ಲ, ಅದಕ್ಕೆ ಇದೂ ಒಂದು ಕಾರಣ.

ಗೋಡೆಯ ಬಾಗಿಲಿಂದ ಬಂದ ಕಾವಲುಗಾರರು

ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಬಾಗಿಲುಗಳಿದ್ದವು. ಆಚೆ ಉಳಿದ ತಮ್ಮ ನೆಲಕ್ಕೆ ಪೂರ್ವದ ಗಡಿ ಸೈನಿಕರು ಬೇಕಾದಾಗ ಇಳಿದು ಬರುತ್ತಿದ್ದರು. ಕಾಲಿನ್ ಅವರ ಪಾತಿಗೂ ಬಂದರು. ಅವರಿಗೆ ಇದ್ದ ಅನುಮಾನ ಒಂದೇ. ಈ ಮನುಷ್ಯ ಮಣ್ಣು ಅಗೆಯುತ್ತಿದ್ದಾನೆ. ಗೋಡೆ ಅಡಿಯಲ್ಲಿ ಸುರಂಗ ತೋಡುತ್ತಿಲ್ಲ ತಾನೆ? ಬರ್ಲಿನ್‌ನಲ್ಲಿ ಹಾಗೆ ತೋಡಿದವರಿದ್ದರು, ಆ ಸುರಂಗಗಳಲ್ಲಿ ಜನ ದಾಟಿಯೂ ಇದ್ದರು. ಇಲ್ಲಿ ಕಂಡದ್ದು ಈರುಳ್ಳಿ. ಸೈನಿಕರು ಹೋದರು. ಗೋಡೆಯಿಂದ ಸ್ವಲ್ಪ ದೂರ ಇರಬೇಕು, ಗೋಡೆಗಿಂತ ಎತ್ತರ ಏನೂ ಕಟ್ಟಬಾರದು ಎಂಬಂಥ ಷರತ್ತುಗಳ ಮೇಲೆ ಬಿಟ್ಟರು ಎಂದು ಹೇಳುತ್ತಾರೆ. ಕ್ರಿಸ್‌ಮಸ್‌ಗೆ ಆ ಕಡೆಯಿಂದ ವೈನ್, ಬಿಸ್ಕತ್ತು ಬರುತ್ತಿತ್ತು ಎಂಬ ಮಾತು ಈಗಲೂ ಅಲ್ಲಿ ಚಾಲ್ತಿಯಲ್ಲಿದೆ.

ಪಶ್ಚಿಮದ ಪೊಲೀಸರ ಪಾಡು ಬೇರೆ. ಎಬ್ಬಿಸಬೇಕೆಂದರೂ ಅವರು ಆ ತುಂಡಿನ ಮೇಲೆ ಕಾಲಿಡುವಂತಿರಲಿಲ್ಲ. ಅದು ಇನ್ನೊಂದು ದೇಶದ ನೆಲ. ಹೀಗೆ ಎರಡು ಸರ್ಕಾರಗಳ ನಡುವಿನ ಸಂದಿಯಲ್ಲಿ ಒಬ್ಬರಿಗೆ ಜಾಗ ಸಿಕ್ಕಿತು. ಇದನ್ನು ಅದೃಷ್ಟ ಎನ್ನುವವರು ಇನ್ನೊಂದು ಮಾತೂ ಹೇಳಬೇಕು. ಇಡೀ ನಗರದಲ್ಲಿ ಅವರಿಗೆ ಯಾರ ಒಪ್ಪಿಗೆಯೂ ಬೇಡದೆ ಕಾಲೂರಲು ಸಿಕ್ಕ ಜಾಗ, ಯಾರಿಗೂ ಬೇಡವಾದ ಈ ತುಂಡು ಒಂದೇ.

ಪಾತಿ ಬೆಳೆಯಿತು. ಹಣ್ಣಿನ ಗಿಡ ಬಂದವು. ಬೆಳೆದ ತರಕಾರಿ ನೆರೆಹೊರೆಗೂ ಹೋಯಿತು. ಬೀದಿಯಲ್ಲಿ ಬಿಸಾಡಿದ ಹಲಗೆ, ಬಾಗಿಲು, ತಗಡು ತಂದು, ಅಲ್ಲಿದ್ದ ಮರಗಳ ಸುತ್ತ ಒಂದು ಮನೆ ಕಟ್ಟಿದರು. ಈಗ ನೋಡಿದರೆ ಎರಡು ಅಂತಸ್ತು. ಒಂದು ಹಲಗೆಯ ಬಣ್ಣ ಇನ್ನೊಂದಕ್ಕಿಲ್ಲ, ಮರ ಮನೆಯೊಳಗಿಂದಲೇ ಮೇಲೆ ಹೋಗಿದೆ. ಬರ್ಲಿನ್ ಜನ ಇದನ್ನು ಗೋಡೆ ಬದಿಯ ಮರಮನೆ ಎಂದು ಕರೆಯುತ್ತಾರೆ. ಕಾಲಿನ್ ಅವರ ಊರಿನ ಕಡೆಯವರಿಗೆ ಅದು ಹೊಸದಲ್ಲ. ಹಳ್ಳಿ ಬಿಟ್ಟು ಅಂಕಾರಾ, ಇಸ್ತಾಂಬುಲ್ ಸೇರಿದವರು ಸರ್ಕಾರಿ ಜಾಗದಲ್ಲಿ ರಾತ್ರೋರಾತ್ರಿ ಮನೆ ಎಬ್ಬಿಸುವುದು ಅಲ್ಲಿ ವಾಡಿಕೆಯಾಗಿತ್ತು. ಬೆಳಗಾಗುವುದರೊಳಗೆ ಸೂರು ನಿಂತಿದ್ದರೆ ಕೆಡವುವುದು ಅಷ್ಟು ಸುಲಭವಲ್ಲ ಎಂಬ ನಂಬಿಕೆ.

ಎಲ್ಲವೂ ಸಿಹಿಯಾಗಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಟರ್ಕಿಯವರೂ ಉಳುಮೆ ಶುರು ಮಾಡಿದರು. ಇಬ್ಬರಿಗೂ ಸರಿಬರಲಿಲ್ಲ, ಜಾಗ ಪಾಲಾಗಿ ನಡುವೆ ಬೇಲಿ ಬಂತು. ಇದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ವಲಸೆ ಬಂದವರ ಬಗ್ಗೆ ಬರೆಯುವಾಗ ಅವರೆಲ್ಲ ಒಂದೇ ಮನಸ್ಸಿನವರು ಎಂಬಂತೆ ಬರೆಯುವುದುಂಟು. ಜಮೀನು ಅಂದಮೇಲೆ ಒತ್ತಿನ ಜಗಳವೂ ಬರುತ್ತದೆ, ಅಲ್ವಾ? ಜಗಳವಾಡುವಷ್ಟು ತಮ್ಮದು ಅನ್ನಿಸಿತ್ತು ಅವರಿಬ್ಬರಿಗೂ.

ಗೋಡೆ ಬಿದ್ದ ಮೇಲೆ

1989ರ ನವೆಂಬರಿನಲ್ಲಿ ಗೋಡೆ ತೆರೆಯಿತು. ಜಗತ್ತೆಲ್ಲ ಸಂಭ್ರಮಪಟ್ಟಿತು. ಬರ್ಲಿನ್‌ನ ಟರ್ಕಿಯವರ ನಡುವೆ ಆಗ ಒಂದು ಮಾತು ಹುಟ್ಟಿತು: ಗೋಡೆ ನಮ್ಮ ತಲೆ ಮೇಲೆ ಬಿತ್ತು. ಪಶ್ಚಿಮ ಬರ್ಲಿನ್‌ನ ಕಾರ್ಖಾನೆಗಳಿಗೆ ಸಿಗುತ್ತಿದ್ದ ಸರ್ಕಾರಿ ನೆರವು ನಿಂತು ಒಂದೊಂದೇ ಮುಚ್ಚಿದವು. ಮೂಲೆಗೆ ಬಿದ್ದಿದ್ದ ಕ್ರಾಯ್ಟ್ಸ್‌ಬರ್ಗ್ ಏಕಾಏಕಿ ನಗರದ ನಡುವೆ ಬಂತು, ಬಾಡಿಗೆ ಏರತೊಡಗಿತು. ಒಂದಾದ ಜರ್ಮನರ ಹರ್ಷದಲ್ಲಿ ಇವರಿಗೆ ಪಾಲಿರಲಿಲ್ಲ. 1992ರ ನವೆಂಬರಿನಲ್ಲಿ ಮ್ಯೋಲ್ನ್ ಎಂಬ ಊರಲ್ಲಿ ಟರ್ಕಿ ಕುಟುಂಬದ ಮನೆಗೆ ಬೆಂಕಿ ಇಟ್ಟರು, ಮೂವರು ಸತ್ತರು. ಮರುವರ್ಷ ಮೇ ತಿಂಗಳಲ್ಲಿ ಝೋಲಿಂಗನ್‌ನಲ್ಲಿ ಐವರು. ಸತ್ತವರಲ್ಲಿ ಪುಟ್ಟ ಹೆಣ್ಣುಮಕ್ಕಳಿದ್ದರು. ಇಪ್ಪತ್ತು, ಮೂವತ್ತು ವರ್ಷ ಬಾಳಿದ ಮೇಲೆ ಜನ ರಾತ್ರಿ ಬಾಗಿಲು ಭದ್ರವಾಗಿದೆಯಾ ಎಂದು ಎರಡೆರಡು ಸಲ ನೋಡತೊಡಗಿದರು.

ಕಾಲಿನ್ ಅವರ ತುಂಡಿಗೂ ಈಗ ವಾರಸುದಾರರು ಬಂದರು. ಹಳೇ ನಕ್ಷೆಯ ಪ್ರಕಾರ ಜಾಗ ಪೂರ್ವದ ಮಿಟ್ಟೆ ಎಂಬ ಬಡಾವಣೆಯ ಆಡಳಿತಕ್ಕೆ ಸೇರಿದ್ದು. ಅನುಮತಿ ಇಲ್ಲದ ಕಟ್ಟಡ, ತೆರವು ಮಾಡಬೇಕು ಎಂಬ ಮಾತು ಎದ್ದಿತು. ಆಗ ನಿಂತವರು ಬಡಾವಣೆಯ ಜನ. ಚರ್ಚಿನವರು ಇವರ ಪರ ಮಾತಾಡಿದರು. ಮುಂದೆ ಆ ತುಂಡು ಮಿಟ್ಟೆ ಕೈಯಿಂದ ಕ್ರಾಯ್ಟ್ಸ್‌ಬರ್ಗ್ ಕಡೆಯ ಆಡಳಿತಕ್ಕೆ ಬಂತು. ಆ ಆಡಳಿತ ಇವರನ್ನು ಇರಲು ಬಿಟ್ಟಿತು. ಕಾಲಿನ್ 2018ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಗ ಅದನ್ನು ಮುಂದೆ ನೋಡಿಕೊಂಡು ಬಂದರು.

ಪ್ರಕರಣ ಏನು ಹೇಳುತ್ತದೆ

ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಬಗರ್‌ಹುಕುಂ. ಸರ್ಕಾರಿ ಜಮೀನನ್ನು ಅಪ್ಪಣೆ ಇಲ್ಲದೆ ಹಸನು ಮಾಡಿ, ವರ್ಷಗಟ್ಟಲೆ ಉತ್ತು ಬಿತ್ತು, ‘ನಾವೇ ಇಲ್ಲಿ ಇದ್ದವರು’ ಎಂದು ಹೇಳುವ ರೈತರು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ನಮ್ಮಲ್ಲಿ ಅದಕ್ಕೆ ಫಾರಂ 50, 53, 57 ಎಂದು ಅರ್ಜಿಗಳಿವೆ. ಸಿಗುತ್ತದೋ ಬಿಡುತ್ತದೋ, ಅರ್ಜಿಗಳು ಎಷ್ಟೋ ವರ್ಷ ಕೊಳೆಯುತ್ತವೆ, ಅದು ಬೇರೆ ಮಾತು. ಆದರೆ ಉಳುಮೆಯಿಂದ ಹಕ್ಕು ಹುಟ್ಟಬಹುದು ಎಂಬ ಯೋಚನೆಯನ್ನು ಕಾನೂನು ಒಪ್ಪಿದೆ. ಕಾಲಿನ್ ಅವರಿಗೆ ಬರ್ಲಿನ್‌ನಲ್ಲಿ ಸಿಕ್ಕದ್ದು ಸಹನೆ. ಇರಲಿ ಬಿಡಿ ಎಂಬ ಸಹನೆ. ಮೂವತ್ತೈದು ವರ್ಷ ಅವರು ಆ ಸಹನೆಯ ಮೇಲೆ ಬದುಕಿದರು.

ನನ್ನ ತಕರಾರು ಇರುವುದು ಇಲ್ಲೇ. ಸಹನೆ ಕೊಟ್ಟವರು ಒಳ್ಳೆಯವರು, ಅದರಲ್ಲಿ ಅನುಮಾನವಿಲ್ಲ. ಆದರೆ ಸಹನೆಯನ್ನು ಕೊಡುವವರು ಬೇಕಾದಾಗ ವಾಪಸ್ ತೆಗೆದುಕೊಳ್ಳಬಹುದು. ಹಕ್ಕು ಹಾಗಲ್ಲ. ಅಪ್ಪನ ಕಾಲದ ಸಹನೆ ಮಗನ ಕಾಲಕ್ಕೂ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಟರ್ಕಿಯಿಂದ ಬಂದ ಇಡೀ ಪೀಳಿಗೆಯ ಸ್ಥಿತಿಯೂ ಹೀಗೇ ಇತ್ತು. ಜರ್ಮನಿಯ ಪೌರತ್ವ ಕಾನೂನು 1913ರದ್ದು, ರಕ್ತ ಸಂಬಂಧ ನೋಡಿ ಕೊಡುವಂಥದ್ದು. ಬರ್ಲಿನ್‌ನಲ್ಲೇ ಹುಟ್ಟಿ ಬೆಳೆದ ಮಗುವೂ ವಿದೇಶಿ. ಇದು ಬದಲಾದದ್ದು 2000ನೇ ಇಸವಿಯಲ್ಲಿ. ಆಗಲೂ ಬಹುಪಾಲು ಟರ್ಕಿಯವರಿಗೆ ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಬಿಡಲಿಲ್ಲ. ಹುಟ್ಟಿನಿಂದ ಎರಡೂ ಪಡೆದ ಮಕ್ಕಳು 23 ವರ್ಷದೊಳಗೆ ಒಂದನ್ನು ಆರಿಸಿಕೊಳ್ಳಬೇಕಿತ್ತು.

ಮತದಾನದ ವಿಷಯ ಇನ್ನೂ ಕಷ್ಟದ್ದು. ಫ್ರಾನ್ಸಿನಿಂದಲೋ ಪೋಲೆಂಡಿನಿಂದಲೋ ಬಂದು ಕೆಲವೇ ತಿಂಗಳಾದವರು ಬರ್ಲಿನ್‌ನ ಬಡಾವಣೆ ಚುನಾವಣೆಯಲ್ಲಿ ಮತ ಹಾಕಬಹುದು, ಅವರು ಯುರೋಪಿಯನ್ ಒಕ್ಕೂಟದ ಪ್ರಜೆಗಳು. ಟರ್ಕಿ ಪಾಸ್‌ಪೋರ್ಟ್ ಇರುವವರು ಐವತ್ತು ವರ್ಷ ತೆರಿಗೆ ಕಟ್ಟಿದ್ದರೂ ಹಾಕುವಂತಿಲ್ಲ. ಹ್ಯಾಂಬರ್ಗ್ ಮತ್ತು ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯಗಳು ವಿದೇಶಿಯರಿಗೆ ಸ್ಥಳೀಯ ಮತ ಕೊಡಲು ಹೊರಟಿದ್ದವು. 1990ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಿನ್ನ ಬೀದಿಗೆ ದೀಪ ಬೇಕೋ ಬೇಡವೋ ಎಂದು ಹೇಳುವ ಅಧಿಕಾರ ನಿನಗಿಲ್ಲ ಎಂದಮೇಲೆ ಆ ಬೀದಿ ನಿನ್ನದು ಹೇಗಾದೀತು?

ಹಾಗಾದರೆ ಕಾಲಿನ್ ಅವರಿಗೆ ಅದು ತನ್ನ ಜಾಗ ಅನ್ನಿಸಿದ್ದು ಸುಳ್ಳೇ? ಖಂಡಿತ ಅಲ್ಲ. ಅದು ಬಂದ ದಾರಿ ಬೇರೆ. ಬರ್ಲಿನ್‌ನವರಿಗೆ ಸಣ್ಣ ತೋಟ ಅಂದರೆ ಪ್ರಾಣ. ನಗರದಲ್ಲಿ ಸುಮಾರು 70,000 ಬಾಡಿಗೆ ತೋಟಗಳಿವೆ. ಒಂದೊಂದರಲ್ಲೂ ಸಣ್ಣ ಮರದ ಗುಡಿಸಲು, ನಾಲ್ಕು ಸೇಬಿನ ಮರ, ತರಕಾರಿ ಮಡಿ. ಯುದ್ಧ ಮುಗಿದ ಮೇಲೆ ಹಸಿವಿನ ಕಾಲದಲ್ಲಿ ನಗರದ ನಡುವಿನ ಟಿಯರ್‌ಗಾರ್ಟನ್ ಉದ್ಯಾನವನ್ನೇ ಅಗೆದು ಆಲೂಗಡ್ಡೆ, ಕೋಸು ಬೆಳೆದಿದ್ದರು. ಅಂಥ ಊರಿನ ಮುದುಕಿಯೊಬ್ಬಳಿಗೆ ಪಾತಿ ಮಾಡುವ ಮುದುಕನನ್ನು ನೋಡಿ ಅರ್ಥವಾಗಲು ದುಭಾಷಿ ಬೇಕಿಲ್ಲ. ಕಾಲಿನ್ ಜರ್ಮನ್ ಆಗಲು ಹೊರಟವರಲ್ಲ. ಯೋಜ್ಗಾತ್‌ನಲ್ಲಿ ಕಲಿತದ್ದನ್ನು ಇಲ್ಲಿ ಮಾಡಿದರು. ಅದೇ ಕೆಲಸ ಅವರನ್ನು ಆ ಬೀದಿಯವರನ್ನಾಗಿ ಮಾಡಿತು. ವಲಸಿಗರು ಹೊಂದಿಕೊಂಡರೋ ಇಲ್ಲವೋ ಎಂದು ಅಳೆಯುವ ಸರ್ಕಾರಿ ಪಟ್ಟಿಗಳಲ್ಲಿ ಭಾಷೆ ಇದೆ, ನೌಕರಿ ಇದೆ, ಕಾನೂನು ಪಾಲನೆ ಇದೆ. ತೆರವಿನ ಮಾತು ಬಂದಾಗ ನಿನ್ನ ಪರ ಎಷ್ಟು ಜನ ನಿಂತರು ಎಂಬ ಕಾಲಂ ಇಲ್ಲ. ಇರಬೇಕಿತ್ತು.

ಮಕ್ಕಳ ವಿಷಯದಲ್ಲಿ ಮಾತ್ರ ಈ ಪ್ರಕರಣದಿಂದ ಜಾಸ್ತಿ ತಿಳಿಯುವುದಿಲ್ಲ. ಅಪ್ಪಂದಿರಿಗೆ ಹಿಂತಿರುಗಲು ಒಂದು ಊರಾದರೂ ನೆನಪಿನಲ್ಲಿತ್ತು. ಇಲ್ಲೇ ಹುಟ್ಟಿದವರನ್ನು ಬೇಸಿಗೆ ರಜೆಗೆ ಟರ್ಕಿಗೆ ಹೋದಾಗ ಜರ್ಮನಿಯವರು ಎನ್ನುತ್ತಾರೆ, ಬರ್ಲಿನ್‌ನಲ್ಲಿ ಟರ್ಕಿಯವರು ಎನ್ನುತ್ತಾರೆ. ಅವರಲ್ಲಿ ಎಷ್ಟೋ ಜನ ‘ನಾನು ಕ್ರಾಯ್ಟ್ಸ್‌ಬರ್ಗ್‌ನವನು’ ಎಂದು ಬಡಾವಣೆಯ ಹೆಸರು ಹೇಳುತ್ತಾರೆ. ದೇಶದ ಹೆಸರು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ. ಬಡಾವಣೆಯ ಹೆಸರಿಗೆ ಬರುವುದಿಲ್ಲ.

ಕೊನೆಗೆ ಮಣ್ಣಿನ ಪ್ರಶ್ನೆ. ಬರ್ಲಿನ್‌ನಲ್ಲಿ ಟರ್ಕಿಯವರಿಗೆಂದು ಮೊದಲು ಸಿಕ್ಕ ನೆಲ ಒಂದು ಸಮಾಧಿ. 1798ರಲ್ಲಿ ಒಟ್ಟೋಮನ್ ರಾಯಭಾರಿ ಅಲಿ ಅಜೀಜ್ ಎಫೆಂದಿ ಇಲ್ಲಿ ತೀರಿಕೊಂಡಾಗ ಪ್ರಷ್ಯಾದ ರಾಜ ಜಾಗ ಕೊಟ್ಟ. ಆ ಸ್ಮಶಾನ ಮುಂದೆ ಕೊಲಂಬಿಯಾಡಮ್ ಬೀದಿಗೆ ಬಂತು, ಈಗ ಪಕ್ಕದಲ್ಲಿ ದೊಡ್ಡ ಮಸೀದಿಯೂ ಇದೆ. ಆದರೂ ಕಾರ್ಮಿಕರಾಗಿ ಬಂದ ಪೀಳಿಗೆಯ ಬಹಳ ಜನರ ಶವ ವಿಮಾನದಲ್ಲಿ ಟರ್ಕಿಗೆ ಹೋಗುತ್ತದೆ. ಅದಕ್ಕೆಂದೇ ವರ್ಷಾವರ್ಷಾ ದುಡ್ಡು ಕಟ್ಟುವ ನಿಧಿಗಳಿವೆ. ಪೆಟ್ಟಿಗೆ ಇಲ್ಲದೆ, ಬಟ್ಟೆಯಲ್ಲಿ ಸುತ್ತಿ ಹೂಳಲು ಬರ್ಲಿನ್ ಕಾನೂನು ಒಪ್ಪಿದ್ದು 2010ರ ಕೊನೆಯಲ್ಲಿ. ಬದುಕಿಗೆ ಜಾಗ ಸಿಕ್ಕಿದ ಎಷ್ಟೋ ವರ್ಷಗಳ ನಂತರ ಸಾವಿಗೂ ಜಾಗ ಸಿಕ್ಕಿತು. ಇದನ್ನು ನಾನು ಸಣ್ಣ ಬದಲಾವಣೆ ಎಂದು ಎಣಿಸುವುದಿಲ್ಲ. ಅಪ್ಪನನ್ನು ಎಲ್ಲಿ ಮಣ್ಣು ಮಾಡಿದೆವೋ ಅಲ್ಲಿಗೆ ಮಕ್ಕಳು ಹೋಗಿಬರುತ್ತಾರೆ.

ಈಗಿನ ಕಾನೂನು, ನಮ್ಮವರು

2024ರ ಜೂನ್ 27ರಿಂದ ಜರ್ಮನಿಯ ಪೌರತ್ವ ಕಾನೂನು ಮತ್ತೆ ಬದಲಾಗಿದೆ. ಎಂಟು ವರ್ಷದ ಬದಲು ಐದು ವರ್ಷ ಇದ್ದರೆ ಅರ್ಜಿ ಹಾಕಬಹುದು. ಹಳೇ ಪಾಸ್‌ಪೋರ್ಟ್ ಬಿಡಬೇಕೆಂದು ಜರ್ಮನಿ ಕೇಳುವುದಿಲ್ಲ. 1974ರ ಜೂನ್ ಒಳಗೆ ಪಶ್ಚಿಮ ಜರ್ಮನಿಗೆ ಬಂದ ಕಾರ್ಮಿಕರಿಗೆ ಬರವಣಿಗೆ ಪರೀಕ್ಷೆ ಬೇಡ, ದಿನನಿತ್ಯದ ಮಾತು ಬಂದರೆ ಸಾಕು ಎಂಬ ರಿಯಾಯಿತಿಯೂ ಇದೆ. ಅಷ್ಟು ಹೊತ್ತಿಗೆ ಆ ಪೀಳಿಗೆಯ ಬಹಳ ಜನ ಹೋಗಿಬಿಟ್ಟಿದ್ದರು.

ಬೆಂಗಳೂರು, ಮೈಸೂರು, ಮಂಗಳೂರಿನಿಂದ ಬರ್ಲಿನ್‌ಗೆ ಹೋಗುತ್ತಿರುವ ಕನ್ನಡದ ಹುಡುಗ ಹುಡುಗಿಯರ ಸ್ಥಿತಿ ಬೇರೆ. ಯಾರೂ ಅವರ ಹಲ್ಲು ನೋಡುವುದಿಲ್ಲ. ಬ್ಲೂ ಕಾರ್ಡ್ (ಓದಿದ ಹೊರದೇಶದವರಿಗೆ ಕೊಡುವ ಕೆಲಸದ ಪರವಾನಗಿ) ಇದ್ದು ಬಿ1, ಅಂದರೆ ನಡುಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೆ ಶಾಶ್ವತ ವಾಸದ ಪರವಾನಗಿ ಸಿಗಬಹುದು. ಇಷ್ಟು ಸಲೀಸಾದ ಬಾಗಿಲು ಕಾಲಿನ್ ಅವರ ಓರಗೆಯವರಿಗೆ ಇರಲಿಲ್ಲ. ಕನ್ನಡದವರು ಹಾಗೆ ಬಂದು ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಮನೆ ಹುಡುಕುವಾಗ, ಆ ಬಡಾವಣೆಯನ್ನು ವಾಸಕ್ಕೆ ಯೋಗ್ಯ ಮಾಡಿದವರು ಯಾರು ಎಂಬುದು ತಿಳಿದಿರಲಿ. ಮೇಬಾಖೂಫರ್ ಕಾಲುವೆ ಬದಿಯಲ್ಲಿ ಮಂಗಳವಾರ, ಶುಕ್ರವಾರ ನಡೆಯುವ ಸಂತೆಯಲ್ಲಿ ಕೊತ್ತಂಬರಿ ಸೊಪ್ಪು, ಬದನೆಕಾಯಿ ರಾಶಿ ಬಿದ್ದಿರುತ್ತದೆ. ಆ ಸಂತೆಯನ್ನು ಬೆಳೆಸಿದ್ದು ಟರ್ಕಿಯ ಕುಟುಂಬಗಳು.

ಒಂದು ತೊಡಕು ಮಾತ್ರ ನಮ್ಮ ಕಡೆಯದು. ಜರ್ಮನಿ ಎರಡು ಪೌರತ್ವ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಜರ್ಮನ್ ಪಾಸ್‌ಪೋರ್ಟ್ ತೆಗೆದುಕೊಂಡ ದಿನ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಮಾಡಿಸಿಕೊಳ್ಳಬೇಕು. ಓಸಿಐ ಇದ್ದವರಿಗೆ ಇಲ್ಲಿ ಮತವಿಲ್ಲ. ಕೃಷಿ ಜಮೀನು ಕೊಳ್ಳುವಂತಿಲ್ಲ, ಅಪ್ಪ ಅಮ್ಮನಿಂದ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಹೊರಗೆ ವಾಸವಿರುವ ಎನ್‌ಆರ್‌ಐ ಕೂಡ ಕೊಳ್ಳುವಂತಿಲ್ಲ, ಆದರೆ ಭಾರತದ ಪ್ರಜೆಯಾಗಿ ಊರಿಗೆ ವಾಪಸ್ ಬಂದು ನೆಲೆಸಿದರೆ ಆ ದಾರಿ ಮತ್ತೆ ತೆರೆದಿರುತ್ತದೆ. ನಿವೃತ್ತಿಯಾದ ಮೇಲೆ ಬಂದು ಎರಡೆಕರೆ ತೆಗೆದುಕೊಂಡು ತೋಟ ಮಾಡುತ್ತೇನೆ ಎಂಬ ಲೆಕ್ಕ ಎಷ್ಟೋ ಜನರ ಮನಸ್ಸಿನಲ್ಲಿದೆ. ಅಂಥವರು ಬರ್ಲಿನ್‌ನಲ್ಲಿ ಅರ್ಜಿ ಹಾಕುವ ಮುಂಚೆ, ಊರಿನ ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ಮನೆಯವರ ಜೊತೆ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.